ದೇವರಿಗೆ ಕೊಟ್ಟ ಹಳೇ ಟ್ಯೂಬು

ಆ ಟ್ಯೂಬನ್ನು ಗೋಡೆಗೆ ಕೂರಿಸಿದವನು ನಾನೇ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟು ಆಮೇಲೆ ‘ನೋಡಿ, ಹೀಗಾಯಿತು’ ಎನ್ನುವುದು ನನ್ನಿಂದಾಗದ ಕೆಲಸ. ಏಳು ವಾರ ಬಚ್ಚಿಟ್ಟದ್ದೇ ಸಾಕಾಗಿದೆ, ಅದೂ ನನಗೇ ಗೊತ್ತಿಲ್ಲದೆ.

ಎಂಬತ್ತರ ದಶಕದ ಆರಂಭ. ಮರಾಠಿ ಸೀಮೆಯ ಕಾತ್ರಜದ ಹತ್ತಿರ ಇಂಜೆಕ್ಷನ್ ಔಷಧ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ವೈರ್‌ಮನ್ ಆಗಿದ್ದೆ. ಹೆಸರಿಗೆ ವೈರ್‌ಮನ್, ಮೋಟಾರಿನಿಂದ ಹಿಡಿದು ಸಾಹೇಬರ ಮೇಜಿನ ಫ್ಯಾನಿನವರೆಗೆ ಎಲ್ಲ ನನ್ನ ತಲೆಗೇ. ಅಲ್ಲಿ ಔಷಧ ತುಂಬುವ ಕೋಣೆ ಅಂತ ಒಂದಿತ್ತು. ಅದರ ಸೂರಿನಲ್ಲಿ ಎರಡು ಅತಿನೇರಳೆ ಟ್ಯೂಬುಗಳು. ಗಾಳಿಯಲ್ಲಿ, ಮೇಜಿನ ಮೇಲೆ ಉಳಿದ ಕ್ರಿಮಿಗಳನ್ನು ಸುಡುವುದು ಅವುಗಳ ಕೆಲಸ. ನಾವು ಅವನ್ನು ‘ನೀಲಿ ದೀಪ’ ಎನ್ನುತ್ತಿದ್ದೆವು. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಎರಡು ತಾಸು, ಸಂಜೆ ಎಲ್ಲರೂ ಹೋದ ಮೇಲೆ ಎರಡು ತಾಸು ಅವನ್ನು ಉರಿಸಬೇಕು. ಉರಿಯುವಾಗ ಒಳಗೆ ನರಪಿಳ್ಳೆ ಇರಕೂಡದು. ಯಾರಾದರೂ ಮರೆತು ಬಾಗಿಲು ತೆಗೆದರೆ ದೀಪ ತಾನಾಗಿಯೇ ಆರುವಂತೆ ನಾನು ಚೌಕಟ್ಟಿಗೆ ಒಂದು ಸ್ವಿಚ್ ಹಾಕಿದ್ದೆ. ಬಾಗಿಲ ಮೇಲೆ ಎಚ್ಚರಿಕೆಯ ಫಲಕವನ್ನೂ ಬರೆಸಿದ್ದೆ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ. ಅಲ್ಲಿ ಕೆಲಸ ಮಾಡುವ ಹೆಂಗಸರಲ್ಲಿ ಅರ್ಧ ಮಂದಿ ಗುಲ್ಬರ್ಗಾ ಕಡೆಯವರು. ಕನ್ನಡದಲ್ಲೂ ಬರೆಸಬೇಕು ಅಂತ ಬಿಜಾಪುರದವನಾದ ನನಗೇ ಹೊಳೆಯಲಿಲ್ಲ ನೋಡಿ.

ಆ ಟ್ಯೂಬುಗಳಿಗೆ ಆಯುಷ್ಯ ಇರುತ್ತದೆ. ಎಷ್ಟು ತಾಸು ಉರಿದವು ಅಂತ ನೋಟ್‌ಬುಕ್ಕಿನಲ್ಲಿ ದಿನಾ ಗುರುತು ಹಾಕಿ, ತಯಾರಕರ ಹಾಳೆಯಲ್ಲಿ ಬರೆದಷ್ಟು ತಾಸು ತುಂಬಿದ ದಿನ ಬಿಚ್ಚಿ ಹೊಸದು ಹಾಕಬೇಕು. ಬಿಚ್ಚಿದ ಟ್ಯೂಬು ಕೆಟ್ಟಿರುವುದಿಲ್ಲ, ಮೊದಲಿನಷ್ಟೇ ಚಂದ ಉರಿಯುತ್ತದೆ. ಆದರೂ ಅದರ ಶಕ್ತಿ ಮುಗಿದಿದೆ ಎಂದು ನನಗೆ ಕಲಿಸಿದ್ದರು. ‘ಶಕ್ತಿ ಮುಗಿದಿದೆ’ ಎಂಬ ಆ ಎರಡು ಮಾತನ್ನು ನಾನು ಪೂರ್ತಿ ನಂಬಿದ್ದೆ. ಉರಿಯುವ ಟ್ಯೂಬನ್ನು ಒಡೆದು ಹಾಕಲು ಕೈ ಬಾರದೆ, ಹಿಂದಿನ ಗುಜರಿ ಕೋಣೆಯಲ್ಲಿ ರಟ್ಟು ಸುತ್ತಿ ಸಾಲಾಗಿ ನಿಲ್ಲಿಸಿಟ್ಟಿದ್ದೆ.

ಇನ್ನು ದೇವರ ವಿಷಯ. ಹೆಂಗಸರು ಸೀರೆ ಬದಲಿಸಿ ಬಿಳಿ ನಿಲುವಂಗಿ ಹಾಕಿಕೊಳ್ಳುವ ಕೋಣೆಯಲ್ಲಿ ಒಂದು ಗೂಡಿತ್ತು. ಅದರಲ್ಲಿ ಜೇಜುರಿಯಿಂದ ತಂದ ಖಂಡೋಬನ ಪಟ. ಮರಾಠಿ ಹೆಂಗಸರಿಗೆ ಖಂಡೋಬ, ನಮ್ಮವರಿಗೆ ಮೈಲಾರಲಿಂಗ, ಜಗಳವಿಲ್ಲ. ಭಾನುವಾರ ಆ ದೇವರ ವಾರ. ನಮ್ಮ ಭಾಗದ ಕಾರ್ಖಾನೆಗಳಿಗೆಲ್ಲ ಗುರುವಾರ ರಜೆ, ಅವತ್ತು ಕರೆಂಟ್ ತೆಗೆಯುತ್ತಿದ್ದರು. ಹಾಗಾಗಿ ಭಾನುವಾರ ಎಲ್ಲರೂ ಕೆಲಸದಲ್ಲೇ ಇರುತ್ತಿದ್ದರು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಪೂಜೆ ಅಲ್ಲೇ ನಡೆಯುತ್ತಿತ್ತು.

ಒಂದು ಭಾನುವಾರ ಆ ಕೋಣೆಯ ಹೊರಗೆ ನಡೆಯುತ್ತಿದ್ದ ನನಗೆ ಬತ್ತಿ ಸುಟ್ಟ ವಾಸನೆ ಬಂತು. ಆ ಗೋಡೆಯ ಆಚೆಗೇ ಸ್ಪಿರಿಟ್ ತುಂಬಿದ ಡ್ರಮ್ಮುಗಳಿದ್ದವು. ಹೊರಗೇ ನಿಂತು ಬಾಯಿಗೆ ಬಂದಂತೆ ಬೈದೆ. “ಎಲ್ಲಾರೂ ಕೂಡಿ ಸುಟ್ಟು ಬೂದಿ ಆಗ್ಬೇಕಂತ ಮಾಡೀರೇನು? ಆರಸ್ರಿ ಮೊದಲ!” ಅಂದೆ. ಸ್ವಲ್ಪ ಹೊತ್ತಿಗೆ ಒಬ್ಬಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಆರಿಸೀವ್ರಿ ಅಣ್ಣಾರ. ತಪ್ಪಾಯ್ತ್ರಿ. ಖರೇ, ಐತಾರ ಒಂದಿನಾನೂ ದೇವರ ಮುಂದ ಕತ್ತಲಿ ಅಂದ್ರ ಹ್ಯಾಂಗ್ರಿ?”

ಅವಳ ಹೆಸರು ಬರೆಯುವುದಿಲ್ಲ. ನಾನು ತಂಗಿ ಎಂದೇ ಕರೆಯುತ್ತಿದ್ದೆ. ಗಂಡ ಕಟ್ಟಡಗಳಲ್ಲಿ ಗಾರೆ ಹೊರುವವನು, ಇಬ್ಬರೂ ಗುಲ್ಬರ್ಗಾದ ಆಚೆಯ ಊರಿನವರು. ಚಿಕ್ಕಂದಿನಲ್ಲಿ ಸಿಡುಬೋ ಏನೋ ಬಂದು ಅವಳ ಎಡಗಣ್ಣಿಗೆ ಹೂವು ಬಿದ್ದಿತ್ತು, ಪೂರ್ತಿ ಬೆಳ್ಳಗೆ. ಇದ್ದದ್ದು ಬಲಗಣ್ಣು ಒಂದೇ. ಆ ಒಂದು ಕಣ್ಣಿನಿಂದ ಅವಳು ಮಾಡುತ್ತಿದ್ದ ಕೆಲಸ ಎಂಥದು ಗೊತ್ತೆ? ಶೀಷೆ ತಪಾಸಣೆ. ಅರ್ಧ ಕಪ್ಪು ಅರ್ಧ ಬಿಳಿ ಬಳಿದ ಹಲಗೆಯ ಮುಂದೆ ಕೂತು, ತುಂಬಿದ ಒಂದೊಂದು ಶೀಷೆಯನ್ನೂ ಬೆಳಕಿಗೆ ಹಿಡಿದು ತಿರುಗಿಸಿ, ನೂಲಿನೆಳೆ ಇದೆಯೋ ಗಾಜಿನ ಪುಡಿ ಇದೆಯೋ ನೋಡಬೇಕು. ಎರಡು ಕಣ್ಣಿದ್ದವರು ಬಿಟ್ಟದ್ದನ್ನು ಅವಳು ಹಿಡಿಯುತ್ತಿದ್ದಳು. ಆ ದೀಪಾವಳಿಗೆ ಅವಳನ್ನು ಕಾಯಂ ಮಾಡುವ ಮಾತಿತ್ತು. ಅವಳ ಅನ್ನ, ಅವಳ ಮಾನ, ಎಲ್ಲ ಆ ಒಂದು ಕಣ್ಣಿನಲ್ಲಿತ್ತು.

ಬೈದದ್ದಕ್ಕೆ ನನಗೂ ಒಳಗೊಳಗೇ ಕಸಿವಿಸಿಯಾಗಿತ್ತು. “ಎಣ್ಣಿ ದೀಪ ಬ್ಯಾಡ. ಕರೆಂಟಿಂದು ಹಾಕ್ಕೊಡ್ತೀನಿ, ನಡಿ,” ಅಂದೆ. ಗುಜರಿ ಕೋಣೆಗೆ ಹೋಗಿ ಒಂದು ಮುಗಿದ ಟ್ಯೂಬು ತಂದು ಬಟ್ಟೆಯಿಂದ ಒರೆಸಿ, ಪಟದ ಪಕ್ಕದಲ್ಲಿ ಉದ್ದಕ್ಕೆ ನಿಲ್ಲಿಸಿ ಕೂರಿಸಿದೆ. ಸಾಧಾರಣ ಟ್ಯೂಬಿನ ಹಿಡಿಕೆಯೇ ಸರಿಹೊಂದಿತು. ಬಣ್ಣವಿಲ್ಲದ ಗಾಜಿನೊಳಗೆ ತಿಳಿನೀಲಿ ಗೆರೆ ಹೊತ್ತಿಕೊಂಡಾಗ ಹೆಂಗಸರೆಲ್ಲ “ಅಯ್ಯ ನಮ್ಮವ್ವಾ!” ಅಂದರು. “ಪೂಜಾದಾಗ ಅಷ್ಟೇ ಹಚ್ಚ್ರಿ,” ಅಂದು ನಾನು ಮೀಸೆ ತಿರುವಿಕೊಂಡು ಹೊರಬಂದೆ. ಹೆಂಗಸರು ಬಟ್ಟೆ ಬದಲಿಸುವ ಜಾಗಕ್ಕೆ ಮತ್ತೆ ಹೋಗುವ ಪ್ರಮೇಯವಿರಲಿಲ್ಲ. ಕೊಟ್ಟೆ, ಮರೆತೆ.

ಎಂಟು ದಿನ ಕಳೆದು ಸೋಮವಾರ ಬೆಳಿಗ್ಗೆ ಮೂರು ಮಂದಿ ಹೆಂಗಸರು ಕಣ್ಣು ಬಿಡಲಾಗದೆ ಒಬ್ಬರ ಹೆಗಲು ಒಬ್ಬರು ಹಿಡಿದು ಬಂದರು. ರಾತ್ರಿಯೆಲ್ಲ ಕಣ್ಣಿನಲ್ಲಿ ಉಸುಕು ತುಂಬಿ ಉಜ್ಜಿದಂತೆ ನೋವಂತೆ. ಬೆಳಕು ಕಂಡರೆ ನೀರು ಸುರಿಯುತ್ತಿತ್ತು. ಮಳೆಗಾಲದ ಶುರು, ಊರಲ್ಲೆಲ್ಲ ಕಣ್ಣು ಬೇನೆ ಹಬ್ಬಿತ್ತು. ಕಾರ್ಖಾನೆಯ ದವಾಖಾನೆಯಲ್ಲಿ ಮಂಗಳೂರು ಕಡೆಯ ಒಬ್ಬ ಸಿಸ್ಟರ್ ಇದ್ದರು. ಅವರು ಕಣ್ಣಿಗೆ ಔಷಧ ಬಿಟ್ಟು ಮನೆಗೆ ಕಳಿಸಿದರು. ಎರಡು ದಿನಕ್ಕೆ ಎಲ್ಲರಿಗೂ ಗುಣವಾಯಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಮುಂದಿನ ಸೋಮವಾರ ಐದು ಮಂದಿ. ಅದರಲ್ಲಿ ತಂಗಿಯೂ ಇದ್ದಳು.

ಸಾಹೇಬರಿಗೆ ದಿಗಿಲು ಹತ್ತಿತು. ಅವರು ಮರಾಠಿಯವರು, ಕೆಟ್ಟ ಮನುಷ್ಯರಲ್ಲ. ಆದರೆ ಇಂಜೆಕ್ಷನ್ ತುಂಬುವ ಕೋಣೆಗೆ ಅಂಟುರೋಗ ಹೊಕ್ಕರೆ ಕಾರ್ಖಾನೆಗೆ ಬೀಗ ಬೀಳುತ್ತದೆ. ಯಾರಿಂದ ಬಂತು ಅಂತ ಹುಡುಕತೊಡಗಿದರು. ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಬಿಳಿಗಣ್ಣೇ ತಾನೆ? “ಹಾ ರೋಗ ತಿಚಾಚ ಆಹೇ,” ಇದು ಅವಳದೇ ರೋಗ, ಎಂದುಬಿಟ್ಟರು. ಕಣ್ಣಿನ ಡಾಕ್ಟರರಿಂದ ಚೀಟಿ ತರುವ ತನಕ ಕೆಲಸಕ್ಕೆ ಬರಬೇಡ ಎಂದರು.

ಮುಂದಿನ ಭಾನುವಾರ ಅವಳು ಮನೆಯಲ್ಲಿದ್ದಳು. ಅವತ್ತೇ ಕರೆಂಟೂ ಕೈಕೊಟ್ಟಿತ್ತು, ಮಧ್ಯಾಹ್ನ ಪೂರ್ತಿ ಕತ್ತಲು. ಸೋಮವಾರ ಒಬ್ಬರಿಗೂ ಕಣ್ಣು ನೋಯಲಿಲ್ಲ. ಸಾಹೇಬರು ‘ಹೇಳಿರಲಿಲ್ಲವೆ?’ ಎಂಬಂತೆ ನೋಡಿದರು. ಶನಿವಾರ ಅವಳು ಚೀಟಿ ಹಿಡಿದು ಬಂದಳು, ಕಣ್ಣು ತಿಳಿಯಾಗಿತ್ತು. ಭಾನುವಾರ ಪೂಜೆಗೆ ಕೂತಳು. ಸೋಮವಾರ ಅವಳೂ ಸೇರಿ ಏಳು ಮಂದಿ ಬಿದ್ದರು. ಇನ್ನು ಯಾರ ಬಾಯಿ ಮುಚ್ಚಿಸುತ್ತೀರಿ? ಅವಳ ಪಕ್ಕ ಕೂತು ಉಣ್ಣುತ್ತಿದ್ದವರೇ ಡಬ್ಬಿ ತೆಗೆದುಕೊಂಡು ದೂರ ಸರಿದರು. ಅವಳ ಕೆಲಸ ಹೋಯಿತು. ಕಾಯಂ ಮಾತು ಅಲ್ಲೇ ಮುರಿದುಬಿತ್ತು.

ಸಿಸ್ಟರಿಗೆ ಮಾತ್ರ ಸಮಾಧಾನವಿರಲಿಲ್ಲ. ಒಂದು ದಿನ ನನ್ನ ಕೋಣೆಗೆ ಬಂದರು.

“ಇದು ಕಣ್ಣು ಬೇನೆ ಅಲ್ಲ ಅಂತ ಕಾಣ್ತದೆ ನಂಗೆ. ಬೇನೆಯಾದ್ರೆ ಕೀವು ಬರ್ಬೇಕು, ರೆಪ್ಪೆ ಅಂಟ್ಬೇಕು. ಇವರಿಗೆ ಬರೀ ನೀರು. ಮತ್ತೆ ಎಲ್ಲಾ ಸೋಮವಾರವೇ ಯಾಕೆ ಬರ್ತಾರೆ? ಬೇನೆಗೆ ವಾರ ಗೊತ್ತುಂಟಾ? ನಿಮ್ಮ ನೀಲಿ ದೀಪದ್ದು ಏನಾದ್ರೂ ಇರ್ಬಹುದಾ?”

ನನಗೆ ರೇಗಿಹೋಯಿತು. ನನ್ನ ಸ್ವಿಚ್ಚು, ನನ್ನ ವೈರಿಂಗು, ನನ್ನ ನೋಟ್‌ಬುಕ್ಕು! “ಸಿಸ್ಟರ್, ನೀವು ಸೂಜಿ ಚುಚ್ಚೂದು ನೋಡ್ಕೋರಿ, ದೀಪದ್ದು ನನಗ ಬಿಡ್ರಿ,” ಅಂದುಬಿಟ್ಟೆ. ಅವರು ಹೊರಟುಹೋದರು. ಆದರೂ ಮನಸ್ಸಿಗೆ ಹುಳ ಹೊಕ್ಕಿತ್ತು. ಸಾಹೇಬರ ಅಪ್ಪಣೆ ಪಡೆದು ನಾಲ್ಕು ದಿನ ತಪಾಸಣೆ ನಡೆಸಿದೆ. ಬಾಗಿಲನ್ನು ನೂರು ಸಲ ತೆಗೆದು ಮುಚ್ಚಿ ನೋಡಿದೆ, ಪ್ರತಿ ಸಲವೂ ದೀಪ ಆರಿತು. ಸ್ವಿಚ್ಚಿನ ಪೆಟ್ಟಿಗೆಗೆ ಅರಗು ಹಾಕಿ ಮುದ್ರೆ ಒತ್ತಿದೆ, ಯಾರೂ ಮುಟ್ಟಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಎರಡೂ ಟ್ಯೂಬು ತಣ್ಣಗಿವೆಯೇ ಅಂತ ಏಣಿ ಹತ್ತಿ ಕೈಯಿಟ್ಟು ನೋಡಿದೆ. ಎಲ್ಲ ಸರಿಯಾಗಿತ್ತು. ‘ದೀಪಗಳಿಂದ ಯಾವ ತೊಂದರೆಯೂ ಇಲ್ಲ’ ಎಂದು ಕಾಗದ ಬರೆದು, ಸೊಟ್ಟಂಪಟ್ಟ ನನ್ನ ಸಹಿ ಹಾಕಿ ಸಾಹೇಬರಿಗೆ ಕೊಟ್ಟೆ. ಆ ಕಾಗದ ತಂಗಿಯ ಕಡತದಲ್ಲಿ ಕೂತಿತು.

ಕೆಲಸ ಹೋಗಿದ್ದರೂ ಅವಳು ಭಾನುವಾರ ಮಧ್ಯಾಹ್ನ ಕಾರ್ಖಾನೆಗೆ ಬರುವುದನ್ನು ಬಿಟ್ಟಿರಲಿಲ್ಲ. ದೇವರ ಹೆಸರು ಹೇಳಿದರೆ ಗೇಟಿನವನು ಬಿಡುತ್ತಿದ್ದ. ಒಂದು ದಿನ ಹೊರಗಿನ ರಸ್ತೆಯಲ್ಲಿ ಎದುರಾದಳು. ಕಣ್ಣು ಕೆಂಡವಾಗಿತ್ತು, ಮುಖದ ಸಿಪ್ಪೆ ಎದ್ದಿತ್ತು.

“ದವಾಖಾನ್ಯಾಗ ಏನಂದ್ರು ತಂಗಿ?”

“ಕಣ್ಣಿನ ಮ್ಯಾಲಿನ ಪದರ ಎದ್ದದ ಅಂದಾರ್ರಿ. ಮತ್ತ ಮತ್ತ ಹಿಂಗ ಆಗಿ, ಹುಣ್ಣ ಬಿದ್ದು ಕೀವ ಆಯ್ತಂದ್ರ ಇದಕ್ಕೂ ಹೂ ಬೀಳ್ತದಂತ್ರಿ.” ಅವಳು ಎಡಗಣ್ಣನ್ನು ತೋರಿಸಿದಳು. “ಅದ್ಕೇ ಮೈಲಾರಪ್ಪಗ ಬೇಡ್ಕೊಂಡೀನ್ರಿ. ಐದು ಐತಾರ ಅಂವನ ಮುಂದ ಕೂಡ್ತೀನಿ, ಕಣ್ಣ ಉಳಸು ಅಂತ. ಮೂರ ಆದವು.”

ನಾನು “ಛಲೋ ಆಯ್ತು ಬಿಡು, ದೇವರು ದೊಡ್ಡಂವ ಅದಾನ,” ಅಂದೆ. ಅಂದು ಚಹಾ ಕುಡಿಯಲು ಹೋದೆ. ಇವತ್ತಿಗೂ ಆ ಮಾತು ನೆನಪಾದರೆ ನನ್ನ ನಾಲಿಗೆಯನ್ನು ಕಿತ್ತೆಸೆಯಬೇಕು ಅನ್ನಿಸುತ್ತದೆ.

ಮುಂದಿನ ಭಾನುವಾರ ಊಟದ ಹೊತ್ತು. ಸಿಸ್ಟರ್ ಓಡುತ್ತಲೇ ಬಂದರು. ಹಿಂದಿನ ಸೋಮವಾರ ಬಿದ್ದಿದ್ದ ಒಬ್ಬ ಹೆಂಗಸು ಆಗಷ್ಟೇ ಕಣ್ಣಿಗೆ ಔಷಧ ಹಾಕಿಸಿಕೊಳ್ಳಲು ಬಂದಿದ್ದಳಂತೆ. ಅವಳ ಮುಖ ತೊಳೆಸಿ ನೋಡಿದರೆ ಹಣೆಯೆಲ್ಲ ಕೆಂಪಗೆ ಸುಟ್ಟಿದೆ, ನಡುವೆ ಮಾತ್ರ ಗುಂಡಗೆ ಬೆಳ್ಳಗಿದೆ.

“ಕುಂಕುಮ ಇಡುವ ಜಾಗ ಮಾರಾಯ್ರೇ! ಕುಂಕುಮದ ಅಡಿಗೆ ಸುಟ್ಟಿಲ್ಲ. ತುಂಬುವ ಕೋಣೆಗೆ ಹೋಗುವಾಗ ಕುಂಕುಮ ತೊಳೀಬೇಕು, ಮುಖಕ್ಕೆ ಬಟ್ಟೆ ಕಟ್ಟಬೇಕು, ಅಲ್ವಾ? ಹಾಗಾದ್ರೆ ಇದು ಅಲ್ಲಿ ಆದದ್ದಲ್ಲ. ಕುಂಕುಮ ಇಟ್ಟುಕೊಂಡು, ಮುಖ ಬಿಟ್ಟುಕೊಂಡು ಕೂತಾಗ ಆದದ್ದು. ನಿಮ್ಮ ದೀಪ ಬೇರೆ ಎಲ್ಲಾದ್ರೂ ಉಂಟಾ?”

ದೇವರ ಗೂಡಿನ ಪಕ್ಕದ ಟ್ಯೂಬು ನೆನಪಾಯಿತು. ಓಡಿದೆ. ಹೆಂಗಸರ ಕೋಣೆ ಅನ್ನುವುದೂ ನೆನಪಾಗದೆ, ಕೂಗಿ ಹೇಳದೆ, ಬಾಗಿಲು ದಬ್ಬಿ ಒಳಗೆ ನುಗ್ಗಿದೆ.

ಒಳಗೆ ಬಿಳಿ ದೀಪಗಳನ್ನೆಲ್ಲ ಆರಿಸಿದ್ದರು. ಉರಿಯುತ್ತಿದ್ದದ್ದು ನನ್ನ ಟ್ಯೂಬು ಒಂದೇ. ಯಾಕೆ ಆರಿಸಿದ್ದಾರೆ ಅಂತ ಕೂಡಲೇ ತಿಳಿಯಿತು. ಪಟಕ್ಕೆ, ಗೂಡಿಗೆ, ಕೆಳಗಿನ ತಟ್ಟೆಗೆ ಸುರಿದಿದ್ದ ಭಂಡಾರ, ಅಂದರೆ ದೇವರ ಅರಿಸಿನ ಪುಡಿ, ಆ ನೀಲಿ ಬೆಳಕಿನಲ್ಲಿ ತಾನೇ ಹೊತ್ತಿಕೊಂಡ ಹಾಗೆ ಹಸಿರುಹಳದಿಯಾಗಿ ಹೊಳೆಯುತ್ತಿತ್ತು. ಅವರಿಗೆ ಅದು ದೇವರ ಮಹಿಮೆ. ಅದನ್ನು ನೋಡಲು ಹತ್ತು ಹನ್ನೆರಡು ಮಂದಿ ಮೊಳದಷ್ಟು ಹತ್ತಿರ ಕೂತು, ಮುಖ ಎತ್ತಿ ಹಾಡುತ್ತಿದ್ದರು. ಎಲ್ಲರಿಗಿಂತ ಮುಂದೆ ತಂಗಿ. ಅವಳು ಹಾಡುತ್ತಿರಲಿಲ್ಲ. ಬೆಳಕು ಚೆನ್ನಾಗಿ ಬೀಳಲಿ ಎಂದು ಬಲಗಣ್ಣಿನ ರೆಪ್ಪೆಯನ್ನು ಎರಡು ಬೆರಳಿನಿಂದ ಬಿಡಿಸಿ ಹಿಡಿದು, ಆ ಟ್ಯೂಬನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದಳು.

ನಾನು ಕಿರುಚಿದೆನಂತೆ. ಏನು ಕಿರುಚಿದೆ ನೆನಪಿಲ್ಲ. ಸ್ವಿಚ್ ಹುಡುಕುವಷ್ಟೂ ತಾಳ್ಮೆಯಿಲ್ಲದೆ ಟ್ಯೂಬನ್ನೇ ತಿರುವಿ ಕಿತ್ತೆ. ಕೋಣೆ ಕತ್ತಲಾಯಿತು. ಪೂಜೆ ನಡೆಸುತ್ತಿದ್ದ ಚಷ್ಮಾದ ಆಯಿ, ಎಲ್ಲರಿಗಿಂತ ಹಿರಿಯಳು, ಎದ್ದು ನಿಂತು ನನ್ನ ಕಾಲು ನೋಡಿದಳು.

“ಬೂಟ ಹಾಕ್ಕೊಂಡು ಬಂದಿಯಲ್ಲೋ! ದೇವರ ದೀಪಾ ಕಿತ್ತಿಯಲ್ಲೋ! ನಿನ್ನ ಕೈ ಸೇದಿ ಹೋಗ್ಲಿ!”

“ಹೋಗ್ಲಿ ಆಯಿ, ಹೋಗ್ಲಿ,” ಅಂದೆ. ಅದು ನಿಜವಾಗಿ ಮನಸ್ಸಿನಿಂದ ಬಂದ ಮಾತು. ಆ ಆಯಿಗೆ ಒಂದು ದಿನವೂ ಕಣ್ಣು ನೋಯದಿದ್ದುದಕ್ಕೆ, ಅವಳಿಗೆ ದೇವರ ಕೃಪೆ ಎಂದು ಎಲ್ಲರೂ ನಂಬಿದ್ದರು. ಅವಳ ಕಣ್ಣನ್ನು ಕಾದದ್ದು ಅವಳ ಚಷ್ಮಾದ ಗಾಜು. ಕೆನ್ನೆ ಮಾತ್ರ ಎಲ್ಲರಂತೆ ಸಿಪ್ಪೆ ಎದ್ದಿತ್ತು. ಈ ಕಿರಣ ಸಾದಾ ಗಾಜನ್ನೂ ದಾಟದು. ಟ್ಯೂಬಿಗೇ ಬೇರೆ ಜಾತಿಯ ಗಾಜು ಹಾಕಿರುತ್ತಾರೆ, ದಾಟಿ ಹೊರಬರಲಿ ಅಂತ. ಅದನ್ನು ನಾನು ಓದಿದ್ದೆ, ಓದಿ ಮರೆತಿದ್ದೆ.

ಟ್ಯೂಬನ್ನು ಅಂಗಿಯಲ್ಲಿ ಸುತ್ತಿಕೊಂಡು ಗುಜರಿ ಕೋಣೆಗೆ ಬಂದು ಒಳಗಿನಿಂದ ಚಿಲಕ ಹಾಕಿದೆ. ಈಗ ನಿಜ ಹೇಳುತ್ತೇನೆ. ಕೈಗೆ ಕಬ್ಬಿಣದ ಸರಳು ತೆಗೆದುಕೊಂಡಿದ್ದೆ. ಒಂದು ಏಟು ಹಾಕಿದರೆ ಮುಗಿಯಿತು. ಟ್ಯೂಬು ಇರುವುದಿಲ್ಲ, ಸೋಮವಾರಗಳು ತಾನಾಗಿ ನಿಲ್ಲುತ್ತವೆ, ‘ಕಣ್ಣು ಬೇನೆ ಹೋಯಿತು’ ಎನ್ನುತ್ತಾರೆ. ಸಿಸ್ಟರಿಗೆ ಅನುಮಾನ ಇರುತ್ತದೆ, ಪುರಾವೆ ಇರುವುದಿಲ್ಲ. ನನಗೆ ಮೂವರು ಮಕ್ಕಳು. ಕಾರ್ಖಾನೆ ಬಿಟ್ಟರೆ ನನ್ನ ವಯಸ್ಸಿನವನನ್ನು ಯಾರು ಕರೆಯುತ್ತಾರೆ? ಆದರೆ ಹಾಗೆ ಮಾಡಿದರೆ ರೋಗ ಹಬ್ಬಿಸಿದವಳು ಎಂಬ ಹಣೆಪಟ್ಟಿಯನ್ನು ತಂಗಿ ಹೊತ್ತೇ ಇರಬೇಕು. ಇನ್ನೂ ಕೆಟ್ಟದ್ದೆಂದರೆ, ಏನಾಗಿದೆ ಎಂದು ದವಾಖಾನೆಯವರಿಗೆ ಗೊತ್ತಾಗುವುದಿಲ್ಲ. ಗೊತ್ತಿಲ್ಲದೆ ಅವರು ಮಾಡುವ ಉಪಚಾರ ಎಷ್ಟು ಸರಿಯಿದ್ದೀತು?

ಎಷ್ಟು ಹೊತ್ತು ಕೂತಿದ್ದೆನೋ. ಸರಳನ್ನು ಮೂಲೆಗಿಟ್ಟು ಟ್ಯೂಬನ್ನು ಹಿಡಿದು ಸಾಹೇಬರ ಮುಂದೆ ನಿಂತೆ. ಎಲ್ಲ ಹೇಳಿದೆ. ಅವರು ನನ್ನ ನೋಟ್‌ಬುಕ್ಕು ತರಿಸಿ, ಆ ಟ್ಯೂಬಿನ ಪುಟ ತೆಗೆದು ಬೆರಳಿಟ್ಟರು. “ತೂಚ ಲಿಹೂನ ದಿಲಂಯಸ ನಾ?” ನೀನೇ ಬರೆದುಕೊಟ್ಟಿದ್ದೀಯಲ್ಲ, ಇದರ ಶಕ್ತಿ ಮುಗಿದಿದೆ ಅಂತ? ದೀಪದಿಂದ ತೊಂದರೆ ಇಲ್ಲ ಅಂತ ಕಾಗದವನ್ನೂ ಕೊಟ್ಟಿದ್ದೀಯ? ಈಗ ಆ ಹೆಂಗಸಿನ ಮೇಲಿನ ಕನಿಕರಕ್ಕೆ ಕಥೆ ಕಟ್ಟುತ್ತಿದ್ದೀಯ. ಸತ್ತ ಟ್ಯೂಬು ಯಾರನ್ನು ಸುಡುತ್ತದೆ?

ನನ್ನ ಅಕ್ಷರವೇ ನನಗೆ ಎದುರು ನಿಂತಿತ್ತು. ಮಾತಿನಿಂದ ಆಗುವ ಕೆಲಸವಲ್ಲ ಎಂದು ಸಿಸ್ಟರ ಬಳಿ ಹೋದೆ. “ಒಂದು ಚಿಟಿಕಿ ಕುಂಕುಮ ಕೊಡ್ರಿ,” ಅಂದೆ. ಅವರು ಕ್ರಿಶ್ಚಿಯನ್ನರು, ಎಲ್ಲಿಂದ ಕೊಡುತ್ತಾರೆ? ಒಬ್ಬ ಹೆಂಗಸಿನಿಂದ ಭರಣಿ ಇಸಿದುಕೊಂಡು ಬಂದರು. ಎಡ ಮುಂಗೈ ಮೇಲೆ ರೂಪಾಯಿ ಅಗಲಕ್ಕೆ ಕುಂಕುಮ ಇಟ್ಟು ಒತ್ತಿಸಿದೆ. ಮುಖಕ್ಕೆ ದಪ್ಪ ಬಟ್ಟೆ ಸುತ್ತಿಕೊಂಡು, ವೆಲ್ಡಿಂಗಿನವರ ಕಪ್ಪು ಕನ್ನಡಕ ಹಾಕಿಕೊಂಡು, ಖಾಲಿ ಕೋಣೆಯಲ್ಲಿ ಆ ಟ್ಯೂಬು ಹೊತ್ತಿಸಿ ಗೇಣು ದೂರದಲ್ಲಿ ಕೈಯಿಟ್ಟೆ.

“ಎಂತ ಮಾಡ್ತಿದ್ದೀರಿ ನೀವು? ಐದು ನಿಮಿಷ ಸಾಕು. ತೆಗೀರಿ!” ಅಂತ ಸಿಸ್ಟರ್ ಹೊರಗಿನಿಂದ ಕೂಗಿದರು.

“ಪೂಜಾ ಅರ್ಧ ತಾಸು ನಡೀತಿತ್ತ್ರಿ,” ಅಂದೆ. ಅರ್ಧ ತಾಸು ಇಟ್ಟೆ. ಬಿಸಿಯಿಲ್ಲ, ನೋವಿಲ್ಲ, ತಣ್ಣಗಿನ ಬೆಳಕು. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಬೆಂಕಿಯಾದರೆ ಕೈ ತಾನೇ ಹಿಂದೆ ಬರುತ್ತದೆ. ಇದು ಸುಟ್ಟು ಮುಗಿಸಿ, ಆರೇಳು ತಾಸು ಕಳೆದ ಮೇಲೆ ಸುಟ್ಟ ಸುದ್ದಿ ಹೇಳುತ್ತದೆ. ಭಾನುವಾರದ ಬೆಳಕಿಗೆ ಸೋಮವಾರ ಕಣ್ಣು ಹೋಗುತ್ತಿದ್ದದ್ದು ಹೀಗೆ.

ಮರುದಿನ ಸಾಹೇಬರ ಮೇಜಿನ ಮೇಲೆ ಕೈ ಚಾಚಿ, ಅವರ ಎದುರೇ ಕುಂಕುಮ ಒರೆಸಿದೆ. ಸುತ್ತಲೂ ಕೆಂಪಗೆ ಊದಿದ ಚರ್ಮ, ನಡುವೆ ಗುಂಡನೆಯ ಬಿಳಿ. ಸಿಸ್ಟರ್ ಆ ಹೆಂಗಸನ್ನು ಪಕ್ಕದಲ್ಲಿ ನಿಲ್ಲಿಸಿ ಅವಳ ಹಣೆ ತೋರಿಸಿದರು. ಸಾಹೇಬರು ನನ್ನ ಕೈ, ಅವಳ ಹಣೆ, ಮತ್ತೆ ನನ್ನ ಕೈ ನೋಡಿದರು. ಕಡತ ತೆಗೆದು ನನ್ನ ಕಾಗದ ಹರಿದರು. ನಾನು ಬೇರೆ ಬರೆದುಕೊಟ್ಟೆ. ಮುಗಿದ ಟ್ಯೂಬು ಮುಗಿದಿರುವುದಿಲ್ಲ, ಶಕ್ತಿ ಅಷ್ಟಿಷ್ಟು ಇಳಿದಿರುತ್ತದೆ, ಕ್ರಿಮಿಗೆ ಸಾಲದಿದ್ದರೂ ಮನುಷ್ಯರ ಕಣ್ಣಿಗೆ ಸಾಕು, ಇದನ್ನು ದೇವರ ಗೂಡಿಗೆ ಕೂರಿಸಿದವನು ನಾನು ಎಂದು. ನನ್ನ ಕೆಲಸ ಹೋಗಲಿಲ್ಲ. ಮೇಸ್ತ್ರಿ ಆಗುವ ಸರದಿ ಹೋಯಿತು, ಹೋಗಲಿ.

ಅದೇ ಬೆಳಿಗ್ಗೆ ತಂಗಿಯನ್ನು ಸರಕಾರಿ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಹಿಂದಿನ ದಿನದ ಬೆಳಕು ಹಳೇ ಗಾಯದ ಮೇಲೆ ಹೊಸ ಗಾಯ ಮಾಡಿ, ಹುಣ್ಣು ಬಿದ್ದಿತ್ತು. ನಾನು, ಸಿಸ್ಟರ್ ಹೋಗಿ ಡಾಕ್ಟರರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆವು. ಅವರು “ಮೊದಲೇ ಗೊತ್ತಾಗಬೇಕಿತ್ತು,” ಎಂದಷ್ಟೇ ಅಂದರು. ಅವಳ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಇನ್ನೊಂದು ಕಣ್ಣು ಇದ್ದೂ ಇಲ್ಲ. ಪೂರ್ತಿ ಕತ್ತಲಲ್ಲಿ ಮಂಚದ ಅಂಚು ಹಿಡಿದು ಕೂತಿದ್ದಳು. ನಾನು ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ನನ್ನಂಥ ಜೋರುಬಾಯಿಯವನು ಆ ವಾರ್ಡಿನ ನಡುವೆ ನಿಂತು ಅತ್ತೆ.

ಅವಳು ಮಂಚದ ಅಂಚನ್ನು ಸವರುತ್ತ ಕೇಳಿಸಿಕೊಂಡಳು. ಆಮೇಲೆ, “ಹಂಗಾರ ದೇವರಿಗೆ ನನ್ನ ಮ್ಯಾಲ ಸಿಟ್ಟ ಇದ್ದಿಲ್ಲೇನ್ರಿ ಅಣ್ಣಾರ?” ಅಂದಳು.

“ಇಲ್ಲ ತಂಗಿ. ನಂದು ತಪ್ಪು.”

“ಎಷ್ಟ ಬೈದೀನ್ರಿ ನಾ ಅಂವಗ,” ಅಂದು ಗೋಡೆಯ ಕಡೆ ತಿರುಗಿ ಮಲಗಿದಳು. ನನಗೆ ಒಂದು ಕೆಟ್ಟ ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಕಣ್ಣು ಉಳಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಪಟ್ಟಿ ಬಿಚ್ಚಿ, ಕರಿಗುಡ್ಡೆಯ ಮೇಲೆ ಸಣ್ಣ ಕಲೆ ಮಾತ್ರ ಉಳಿದಿದೆ ಎಂದರು. ಕಣ್ಣು ಸರಿಹೋದರೆ ಕೆಲಸ ಕೊಡುತ್ತೇನೆ ಎಂದಿದ್ದ ಸಾಹೇಬರು ಮಾತಿಗೆ ತಪ್ಪಲಿಲ್ಲ, ಅವಳನ್ನು ಕರೆಸಿ ತಪಾಸಣೆಯ ಹಲಗೆಯ ಮುಂದೆ ಕೂರಿಸಿದರು. ಪರೀಕ್ಷೆಗೆ ಇಪ್ಪತ್ತು ಶೀಷೆ. ಅದರಲ್ಲಿ ಮೂರರಲ್ಲಿ ನೂಲಿನೆಳೆ ಇತ್ತು, ಅಂಥವುಗಳ ತಳಕ್ಕೆ ಶಾಯಿಯ ಚುಕ್ಕೆ ಇಟ್ಟಿದ್ದರು. ದೀಪ ಹೊತ್ತಿಸಿದವನು ನಾನು. ಅವಳು ಒಂದೊಂದನ್ನೇ ಕಪ್ಪಿನ ಮುಂದೆ, ಬಿಳಿಯ ಮುಂದೆ ಹಿಡಿದು ತಿರುಗಿಸಿದಳು. ಮೊದಲಿಗಿಂತ ತುಂಬಾ ನಿಧಾನ. ಎರಡು ತೆಗೆದಿಟ್ಟಳು. ಸಾಹೇಬರು ಎರಡು ಸಾಕು, ಬೇರೆಯವರೂ ಇಷ್ಟೇ ಹಿಡಿಯುವುದು, ನಾಳೆಯಿಂದ ಬಾ ಎಂದು ಎದ್ದು ಹೋದರು.

“ಮೂರನೇದು ಯಾವುದಿತ್ರಿ ಅಣ್ಣಾರ? ತೋರಸ್ರಿ,” ಅಂದಳು.

ತಳ ನೋಡದೆ, ಇದೇ ಇರಬೇಕೆಂದು ಉಳಿದವುಗಳಲ್ಲಿ ಒಂದನ್ನು ತೆಗೆದು ದೀಪಕ್ಕೆ ಹಿಡಿದೆ. ಅವಳು ಮುಖವನ್ನು ಹತ್ತಿರ ತಂದು, ಹಿಂದೆ ಒಯ್ದು, ತಲೆ ಓರೆ ಮಾಡಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

“ಹಾಂ, ಕಂಡಿತ್ ನೋಡ್ರಿ. ಎಳಿ ಹ್ಯಾಂಗ ತಿರಗ್ಲತ್ತದ! ಅವಸರದಾಗ ಬಿಟ್ಟೆ.”

ಸಮಾಧಾನವಾಗಿ ಶೀಷೆ ಕೆಳಗಿಡುವಾಗ ತಳ ನೋಡಿದೆ. ಚುಕ್ಕೆ ಇರಲಿಲ್ಲ. ನಾನು ಹಿಡಿದದ್ದು ಸ್ವಚ್ಛ ಶೀಷೆ.

ಮರುದಿನ ಬೆಳಿಗ್ಗೆ ಅವಳು ತಾನಾಗಿಯೇ ಸಾಹೇಬರ ಬಳಿ ಹೋಗಿ, ಕೂತು ಕೂತು ನಡ ನೋಯುತ್ತದೆ, ಶೀಷೆ ತೊಳೆಯುವ ಕೆಲಸ ಕೊಡಿ ಎಂದು ಬೇಡಿಕೊಂಡಳಂತೆ. ಅದು ಕಡಿಮೆ ದರ್ಜೆಯ ಕೆಲಸ. ಸಾಹೇಬರು ನಡುನೋವನ್ನು ನಂಬಿ ಹಾಗೇ ಮಾಡಿದರು, ದೀಪಾವಳಿಗೆ ಕಾಯಂ ಕೂಡ ಮಾಡಿದರು. ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ತೊಳೆಯುವ ತೊಟ್ಟಿಯ ಹತ್ತಿರ ಬೆಳಕು ಸಾಲದು ಎಂದು ನನಗೆ ಚೀಟಿ ಬಂತು. ಏಣಿ ಹಾಕಿ ಹೊಸ ಬಿಳಿ ಟ್ಯೂಬು ಕೂರಿಸುತ್ತಿದ್ದೆ. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಬಾಗಿಲ ಹೊರಗೆ ನಿಂತು ಕೇಳಿದಳು.

“ಅಣ್ಣಾರ, ಇದು ಹೊಸಾದೇನ್ರಿ?”

“ಹೊಸಾದು ತಂಗಿ,” ಅಂದೆ. ಏಣಿಯಿಂದ ಇಳಿದು ಅದರ ಖಾಲಿ ರಟ್ಟಿನ ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಬೆರಳಿನಿಂದ ಸವರಿ ನೋಡಿ, ಆಮೇಲೆ ಒಳಗೆ ಬಂದಳು.